ಸೈಟಿನಲ್ಲಿ ಕ್ಯೂಆರ್ ಫೋಟೋ ಸಾಕಾ, ಪೇಮೆಂಟ್ ಗೇಟ್‌ವೇ ಹಾಕಿಸಲೇಬೇಕಾ?

ಮಿಡಿಮನೆ:
ಶಿರಸಿ ಹತ್ತಿರದ ಹಳ್ಳಿಯವರು ನಾವು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಮಾರುತ್ತೇವೆ. ಕೈರುಚಿ ಅತ್ತೆಯದು. ಪ್ಯಾಕಿಂಗ್, ಕೊರಿಯರ್, ಫೋನು ನನ್ನ ಪಾಲಿಗೆ. ಮೂರು ವರ್ಷ ವಾಟ್ಸಾಪಿನಲ್ಲೇ ನಡೆಯಿತು. ಹೋದ ದೀಪಾವಳಿಗೆ ತಮ್ಮ ವರ್ಡ್‌ಪ್ರೆಸ್‌ನಲ್ಲಿ ಸೈಟು ಮಾಡಿಕೊಟ್ಟ, ಅಂಗಡಿ ನಡೆಸಲು ವೂಕಾಮರ್ಸ್ ಅನ್ನುವ ಪ್ಲಗಿನ್ (ಸೈಟಿಗೆ ಜೋಡಿಸುವ ಸಿದ್ಧ ಸಾಫ್ಟ್‌ವೇರ್) ಹಾಕಿದ್ದಾನೆ. ಆರ್ಡರ್ ಒತ್ತಿದರೆ ಕೊನೆಗೆ ನನ್ನ ಕ್ಯೂಆರ್ ಫೋಟೋ ಬರುತ್ತದೆ. ಗಿರಾಕಿ ಸ್ಕ್ಯಾನ್ ಮಾಡಿ ದುಡ್ಡು ಹಾಕಿ, ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಬೇಕು.

ದಿನಕ್ಕೆ ಎಂಟು-ಹತ್ತು ಆರ್ಡರ್ ಇದ್ದಾಗ ಇದೇ ಚೆನ್ನಾಗಿತ್ತು. ಹೊಸ ಮಿಡಿ ಬಂದ ಮೇಲೆ ಕೆಲವು ದಿನ ನಲವತ್ತಾಯಿತು. ರಾತ್ರಿ ಊಟ ಮುಗಿಸಿ ಒಂದೂವರೆ ತಾಸು ಬ್ಯಾಂಕಿನ ಮೆಸೇಜು ಒಂದು ಕಡೆ, ಸ್ಕ್ರೀನ್‌ಶಾಟು ಒಂದು ಕಡೆ ಇಟ್ಟುಕೊಂಡು ಹೊಂದಿಸುವುದೇ ಕೆಲಸ. ಒಂದೇ ದಿನ ಮೂರು ಜನ ₹620 ಹಾಕಿದ್ದಾರೆ, ಅದರಲ್ಲಿ ಇಬ್ಬರ ಹೆಸರು ಮಂಜುನಾಥ. ಯಾವ ಮಂಜುನಾಥನಿಗೆ ಖಾರದ್ದು, ಯಾವನಿಗೆ ಸಿಹಿಯದ್ದು?

ಅಷ್ಟರಲ್ಲಿ ಒಂದು ಟೋಪಿಯೂ ಬಿತ್ತು. ₹1,850ರ ಆರ್ಡರ್. ಸ್ಕ್ರೀನ್‌ಶಾಟ್‌ನಲ್ಲಿ ಹಸಿರು ಟಿಕ್ಕು, ನನ್ನ ಹೆಸರು, ಮೊತ್ತ ಎಲ್ಲ ಇತ್ತು. ಗಡಿಬಿಡಿಯಲ್ಲಿ ಡಬ್ಬ ಕಳಿಸಿಬಿಟ್ಟೆ. ವಾರದ ಮೇಲೆ ನೋಡಿದರೆ ಖಾತೆಯಲ್ಲಿ ಆ ಹಣವೇ ಇಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ: 1,850ರ 8 ಮಾತ್ರ ಅಕ್ಕಪಕ್ಕದ ಅಂಕಿಗಿಂತ ಕೂದಲೆಳೆಯಷ್ಟು ದಪ್ಪ.

ತಮ್ಮ ಗೇಟ್‌ವೇ ಹಾಕಿಸು ಅನ್ನುತ್ತಾನೆ, ಅಂದರೆ ಸೈಟಿನಲ್ಲೇ ದುಡ್ಡು ಕಟ್ಟಿಸಿಕೊಂಡು ಆಯಾ ಆರ್ಡರಿಗೆ ಜೋಡಿಸಿ ನಮ್ಮ ಖಾತೆಗೆ ಹಾಕುವ ಕಂಪನಿಯ ಸೇವೆ. 2% ಹಿಡಿಯುತ್ತಾರಂತೆ. ಯುಪಿಐ ಪುಕ್ಕಟೆ ಇರುವಾಗ ಇದು ಬೇಕಾ? ಬಳಸುತ್ತಿರುವವರು ಹೇಳಿ.

ಬೆಣ್ಣೆದೋಸೆ_ದಾವಣಗೆರೆ:
ಬೇಡ ಮೇಡಂ. 2020ರ ಜನವರಿ 1ರಿಂದ ಯುಪಿಐಗೆ, ರುಪೇ ಡೆಬಿಟ್ ಕಾರ್ಡಿಗೆ ವ್ಯಾಪಾರಿಯ ಹತ್ತಿರ ಶುಲ್ಕ ಹಿಡಿಯುವ ಹಾಗಿಲ್ಲ ಅಂತ ಸರ್ಕಾರವೇ ಮಾಡಿದೆ. ಹಾಗಿದ್ದ ಮೇಲೆ ಇವರು 2% ಹೇಗೆ ಕೇಳುತ್ತಾರೆ? ನಾನು ಕೌಂಟರಿಗೆ ಸೌಂಡ್ ಬಾಕ್ಸ್ ಇಟ್ಟುಕೊಂಡಿದ್ದೇನೆ. "ಇಷ್ಟು ರೂಪಾಯಿ ಬಂದಿದೆ" ಅಂತ ಅದು ಕೂಗಿದರೆ ದೋಸೆ ಕೊಡ್ತೀನಿ, ಕೂಗದಿದ್ದರೆ ಇಲ್ಲ.

ಕೋಡುಕೂಲಿ:
ಬೆಣ್ಣೆದೋಸೆ ಅಣ್ಣ, ನಿಮ್ಮ ಗಿರಾಕಿ ಕಾವಲಿ ಮುಂದೆ ನಿಂತಿರ್ತಾನೆ. ಮಿಡಿಮನೆ ಅಕ್ಕನ ಗಿರಾಕಿ ಕೋರಮಂಗಲದಲ್ಲಿ ಮಲಗಿಕೊಂಡು ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡ್ತಾನೆ. ಸೌಂಡ್ ಬಾಕ್ಸ್ ₹620 ಅಂತ ಕೂಗಿದರೂ ಅದು ಯಾವ ಆರ್ಡರಿನದು ಅಂತ ಹೇಳಲ್ಲ. ತೊಡಕು ಇರುವುದೇ ಅಲ್ಲಿ.

ಶುಲ್ಕದ ವಿಷಯ. ಸರ್ಕಾರ ಸೊನ್ನೆ ಮಾಡಿದ್ದು ಬ್ಯಾಂಕುಗಳು ವ್ಯಾಪಾರಿಯಿಂದ ಹಿಡಿಯುವ ಎಂಡಿಆರ್ ಅನ್ನು. ಗೇಟ್‌ವೇ ಕಂಪನಿ ಹಿಡಿಯುವುದು ತನ್ನ ಸಾಫ್ಟ್‌ವೇರ್, ಸೆಟಲ್‌ಮೆಂಟ್, ರಿಫಂಡ್ ವ್ಯವಸ್ಥೆಯ ಬಾಡಿಗೆ. ಹೆಸರು ಬೇರೆ, ಕಿಸೆ ಒಂದೇ ಅಂತ ನೀವು ಬೈದರೆ ನಾನು ಅಡ್ಡ ಬರಲ್ಲ. ಯುಪಿಐಗೆ ಕಡಿಮೆ ಹಿಡಿಯುವವರಿದ್ದಾರೆ, ವಹಿವಾಟು ತೋರಿಸಿ ಕೇಳಿದರೆ ಇಳಿಸುವವರೂ ಇದ್ದಾರೆ. ಕೇಳಬೇಕು ಅಷ್ಟೆ.

ಲೆಕ್ಕ ಹೀಗೆ. ₹620ರ ಆರ್ಡರಿಗೆ 2% ಅಂದರೆ ₹12.40. ಆ ಶುಲ್ಕದ ಮೇಲೆ 18% ಜಿಎಸ್‌ಟಿ ₹2.23. ಒಟ್ಟು ₹14.63 ಕಳೆದು ₹605.37 ನಿಮ್ಮ ಖಾತೆಗೆ. ತಿಂಗಳಿಗೆ 250 ಆರ್ಡರ್ ಅಂದರೆ ₹3,650 ಚಿಲ್ಲರೆ. ದಿನಾ ರಾತ್ರಿ ಒಂದೂವರೆ ತಾಸು ಅಂದರಲ್ಲ, ತಿಂಗಳಿಗೆ 45 ತಾಸು. ಅಷ್ಟು ಹೊತ್ತು ಯಾರನ್ನಾದರೂ ಕೂರಿಸಿದರೆ ಕೂಲಿ ಎಷ್ಟು ಕೊಡ್ತೀರಿ? ಯುಪಿಐ ಪುಕ್ಕಟೆ, ಆದರೆ ಅದನ್ನು ಹೊಂದಿಸೋ ಗುಮಾಸ್ತಿಕೆಗೆ ಸಂಬಳವಿಲ್ಲದೆ ದುಡಿಯುತ್ತಿರುವವರು ನೀವು.

ಮಿಡಿಮನೆ:
45 ತಾಸು ಅಂತ ಕೂಡಿಸಿ ನೋಡಿರಲಿಲ್ಲ. ಅತ್ತೆಗೆ ಓದಿ ಹೇಳಿದೆ. "ಆ ಹೊತ್ತಲ್ಲಿ ಎಷ್ಟು ಹಪ್ಪಳ ಒತ್ತಬಹುದಿತ್ತು" ಅಂದರು.

ಟೋಪತೆನಿ:
ನಮ್ಮದೂ ಒಂದ್ ಕೇಳ್ರಿ ಅಕ್ಕಾರ. ಇಳಕಲ್ ಸೀರಿ ಮಾರತೀವಿ, ಕೈಮಗ್ಗದ್ದು. ನಿಮ್ಮಂಗ ನಾನೂ ಸ್ವಂತ ಸೇವಿಂಗ್ಸ್ ಖಾತೆದ ಕ್ಯೂಆರ್ ಹಾಕಿದ್ದೆ. ಒಬ್ಬಾಂವ ₹4,200ರ ಸೀರಿ ತಗೊಂಡ. ರೊಕ್ಕ ಬಂತು, ಖರೇನ ಬಂತು. ಸೀರಿ ಕಳಿಸಿದೆ. ಇಪ್ಪತ್ತು ದಿನದ ಮ್ಯಾಲ ಎಟಿಎಂಗೆ ಹೋದ್ರ ರೊಕ್ಕ ಬರವಲ್ದು. ಬ್ಯಾಂಕಿಗೆ ಹೋದ್ರ "ನಿಮ್ಮ ಖಾತಾ ಫ್ರೀಜ್ ಆಗೈತ್ರಿ, ಹೊರರಾಜ್ಯದ ಸೈಬರ್ ಪೊಲೀಸರ ಮೇಲ್ ಬಂದೈತಿ" ಅಂದ್ರು. ಆ ಮನಶ್ಯಾ ಯಾರಿಗೋ ಮೋಸ ಮಾಡಿ ಹೊಡದ ರೊಕ್ಕದಾಗ ನನ್ನ ಸೀರಿ ಕೊಂಡಿದ್ದ. ಮೋಸ ಹೋದವ್ರು ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಿ ದೂರು ಕೊಟ್ಟಾರ, ರೊಕ್ಕದ ಜಾಡ ಹಿಡಕೊಂಡು ನನ್ನ ಖಾತೆಗೆ ಬಂದಾರ.

₹4,200ರ ಸಲುವಾಗಿ ಇಡೀ ಖಾತಾ ಏಳು ವಾರ ಬಂದ್. ಮಗಳ ಫೀ ಅದರಾಗ, ನೇಕಾರರ ಮಜೂರಿ ಅದರಾಗ. ಬಿಲ್ಲು, ಕೊರಿಯರ್ ರಸೀದಿ, ಆಧಾರ ಎಲ್ಲಾ ಮೇಲ್ ಮಾಡಿ, ಮ್ಯಾಲಿಂದ ಮ್ಯಾಲ ಫೋನ್ ಹಚ್ಚಿ, ಕಡೀಕ ಬಿಟ್ರು. ಗೇಟ್‌ವೇ ಹಾಕಿದ್ರ ಇಂಥಾದ್ದು ಆಗೂದs ಇಲ್ಲ ಅಂತ ನಾ ಹೇಳಂಗಿಲ್ಲ, ಅವರೂ ಆ ಒಂದ್ ಪೇಮೆಂಟ್ ತಡೀತಾರ. ಆದ್ರ ಮನೀ ರೊಕ್ಕ, ಧಂದೆ ರೊಕ್ಕ ಒಂದs ಡಬ್ಬಿದಾಗ ಇಡಬ್ಯಾಡ್ರಿ. ಮೊದ್ಲ ಬ್ಯಾಂಕಿನ್ಯಾಗ ಧಂದೆ ಸಲುವಾಗಿ ಒಂದು ಕರೆಂಟ್ ಖಾತಾ ತೆಗೀರಿ. ಗೇಟ್‌ವೇ ಆಮ್ಯಾಲ.

ಲೆಕ್ಕಿಗ_ಹುಬ್ಬಳ್ಳಿ:
ಟೋಪತೆನಿ ಹೇಳಿದ್ದು ನೂರಕ್ಕೆ ನೂರು. ಕರೆಂಟ್ ಖಾತೆಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಮಾಡಿಸಿಕೊಳ್ಳಿ, ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನಲ್ಲೇ ಆಗುತ್ತದೆ, ಶುಲ್ಕವಿಲ್ಲ. ದುಡ್ಡು ಕೇಳುವ ಸೈಟು ಸಿಕ್ಕರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಯಾರೂ ಕೇಳದ ಪ್ರಶ್ನೆಗೆ ಬರ್ತೀನಿ. ನಿಮ್ಮ ಉಪ್ಪಿನಕಾಯಿ ಕರ್ನಾಟಕದ ಹೊರಗೆ ಹೋಗ್ತದಾ?

ಮಿಡಿಮನೆ:
ಹೋಗುತ್ತದೆ ಸರ್. ಪುಣೆ, ಮುಂಬೈ, ಹೈದರಾಬಾದ್. ಆದರೆ ವರ್ಷಕ್ಕೆ 40 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ಅಲ್ಲವೇ? ನಾವು ಹತ್ತು ಲಕ್ಷವೂ ಮುಟ್ಟಿಲ್ಲ.

ಲೆಕ್ಕಿಗ_ಹುಬ್ಬಳ್ಳಿ:
ಇಲ್ಲೇ ಎಲ್ಲರೂ ಎಡವೋದು. 40 ಲಕ್ಷದ ಮಿತಿ ರಾಜ್ಯದ ಒಳಗೆ ಸರಕು ಮಾರುವವರಿಗೆ. ತೆರಿಗೆ ಇರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಮೊದಲ ಬಾಟಲಿಯಿಂದಲೇ ನೋಂದಣಿ ಕಡ್ಡಾಯ, ವಹಿವಾಟು ಎಷ್ಟೇ ಇರಲಿ. ಇನ್ನು ತಮಾಷೆ ನೋಡಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ನೀವು ಬರೀ ಹಲಸಿನ ಹಪ್ಪಳ ಮಾರಿದ್ದರೆ ಕಾಶ್ಮೀರಕ್ಕೆ ಕಳಿಸಿದರೂ ನೋಂದಣಿ ಬೇಕಿರಲಿಲ್ಲ. ಉಪ್ಪಿನಕಾಯಿಗೆ ತೆರಿಗೆ ಇದೆ, 2025ರ ಸೆಪ್ಟೆಂಬರ್ 22ರಿಂದ 12%ನಿಂದ 5%ಗೆ ಇಳಿದಿದೆ. ಲೇಬಲ್ ಹಚ್ಚಿ ಪ್ಯಾಕ್ ಮಾಡಿದ ಬೆಲ್ಲಕ್ಕೂ 5%. ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಪದ್ಧತಿಯಾದ ಕಾಂಪೊಸಿಷನ್‌ಗೆ ಹೋಗ್ತೀನಿ ಅಂದರೆ ಅದರಲ್ಲಿ ಹೊರರಾಜ್ಯದ ಮಾರಾಟಕ್ಕೆ ಅವಕಾಶವೇ ಇಲ್ಲ.

ಹಾಗಾಗಿ ಎರಡೇ ದಾರಿ: ನೋಂದಣಿ ಮಾಡಿಸಿ, ಇಲ್ಲವೇ ಸೈಟಿನಲ್ಲಿ ಡೆಲಿವರಿಯನ್ನು ಕರ್ನಾಟಕದ ಪಿನ್‌ಕೋಡ್‌ಗಳಿಗೆ ಮಾತ್ರ ಬಿಡಿ. ಪುಣೆಯ ಗಿರಾಕಿಗಳು ಹೆಚ್ಚಿದ್ದರೆ ಮೊದಲನೆಯದೇ ವಾಸಿ.

ಬೆಣ್ಣೆದೋಸೆ_ದಾವಣಗೆರೆ:
ಅದಕ್ಕೇ ಹೇಳೋದು, ಆನ್‌ಲೈನ್ ಹೋದಷ್ಟೂ ಕೊರಳಿಗೆ ಹಗ್ಗ. 2025ರ ಜುಲೈನಲ್ಲಿ ಬೆಂಗಳೂರಲ್ಲಿ ಏನಾಯ್ತು ನೋಡಲಿಲ್ವಾ? ಯುಪಿಐ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್. ಅಂಗಡಿ ಅಂಗಡಿಯಲ್ಲಿ ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ದರು.

ಲೆಕ್ಕಿಗ_ಹುಬ್ಬಳ್ಳಿ:
ಆ ನೋಟಿಸು ಬಂದಾಗ ನನ್ನ ಕಚೇರಿಯಲ್ಲಿ ಕೂರಲು ಜಾಗವಿರಲಿಲ್ಲ, ಮರೆತಿಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ಮಾಡಿ, ಹಾಲು ತರಕಾರಿಯಂಥ ತೆರಿಗೆ ಇಲ್ಲದ ಮಾಲಿನವರ ನೋಟಿಸು ಕೈಬಿಡುತ್ತೇವೆ ಅಂದ ಮೇಲೆ ಸ್ವಲ್ಪ ತಣ್ಣಗಾಯಿತು. ಆದರೆ ನಾನು ಕಂಡಂತೆ ಆಗ ಹೆಚ್ಚು ಒದ್ದಾಡಿದವರು ಯಾರು? ಅಳಿಯ ಕಳಿಸಿದ ಸಾಲ, ಚೀಟಿ ದುಡ್ಡು, ಅಂಗಡಿಯ ಗಲ್ಲಾ ಎಲ್ಲ ಒಂದೇ ಯುಪಿಐಗೆ ಹಾಕಿಸಿಕೊಂಡವರು. ಅದರಲ್ಲಿ ವ್ಯಾಪಾರ ಯಾವುದು, ಅಲ್ಲದ್ದು ಯಾವುದು ಅಂತ ಬೇರ್ಪಡಿಸಿ ತೋರಿಸಲು ಬಿಲ್ಲು ಇರಲಿಲ್ಲ.

ಕ್ಯಾಶೇ ಲಾಭ ಅನ್ನುವುದೂ ಅರ್ಧಸತ್ಯ. ಸಣ್ಣ ವ್ಯಾಪಾರಿ ಅಂದಾಜು ಲಾಭದ ಪದ್ಧತಿಯಲ್ಲಿ ಆದಾಯ ತೆರಿಗೆ ಲೆಕ್ಕ ಕೊಡುವಾಗ ನಗದು ವಹಿವಾಟಿನ 8% ಲಾಭ ಅಂತ ತೋರಿಸಬೇಕು. ಬ್ಯಾಂಕ್ ಮೂಲಕ ಬಂದಿದ್ದರೆ 6% ಸಾಕು.

ಮಿಡಿಮನೆಯವರಿಗೆ ಇನ್ನೊಂದು ಮಾತು: ಗೇಟ್‌ವೇಯಿಂದ ₹605.37 ಬಂದರೂ ಪುಸ್ತಕದಲ್ಲಿ ಮಾರಾಟ ₹620 ಅಂತಲೇ ಬರೆಯಿರಿ, ₹14.63 ಖರ್ಚಿನ ಕಡೆ. ಖಾತೆಗೆ ಬಂದಷ್ಟನ್ನೇ ಮಾರಾಟ ಅಂತ ಬರೆದು ಬಂದವರ ವರ್ಷದ ಲೆಕ್ಕ ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಹಳೇಪುಸ್ತಕ_ಮೈಸೂರು:
ನಾನು ಸೆಕೆಂಡ್ ಹ್ಯಾಂಡ್ ಪುಸ್ತಕ ಮಾರುವವನು. ಗೇಟ್‌ವೇ ಅರ್ಜಿ ಎರಡು ಸಲ ತಿರಸ್ಕಾರವಾಗಿ ಮೂರನೇ ಸಲ ಪಾಸಾದವನು. ಕಾರಣ ಕೇಳಿದರೆ ನಗ್ತೀರಿ. ಮೊದಲ ಸಲ ಸೈಟಿನಲ್ಲಿ ಹಣ ವಾಪಸಿನ ನಿಯಮದ ಪುಟ ಇರಲಿಲ್ಲ. ಎರಡನೇ ಸಲ ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿ ನನ್ನ ಹೆಸರು, ಬ್ಯಾಂಕಿನಲ್ಲಿ ಬರೀ ಇನಿಷಿಯಲ್, ಸೈಟಿನಲ್ಲಿ ಅಂಗಡಿ ಹೆಸರು. ಮೂರೂ ಒಬ್ಬನೇ ಮನುಷ್ಯ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಪೇಮೆಂಟ್ ಅಗ್ರಿಗೇಟರ್‌ಗಳಿಗೆ, ಅಂದರೆ ಇಂಥ ಗೇಟ್‌ವೇ ಕಂಪನಿಗಳಿಗೆ, ನಿಯಮ ತಂದ ಮೇಲೆ ಅವರು ವ್ಯಾಪಾರಿಯ ಹಿನ್ನೆಲೆ ನೋಡದೆ ಬಿಡುವಂತಿಲ್ಲ. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಯಾರ ಬಾಗಿಲು ತಟ್ಟಿದರೂ ಪ್ಯಾನ್, ಬ್ಯಾಂಕ್, ವಿಳಾಸದ ದಾಖಲೆ ಕೇಳೇ ಕೇಳ್ತಾರೆ. ಅರ್ಜಿಗೆ ಮೊದಲೇ ಸೈಟಿನಲ್ಲಿ ನಿಬಂಧನೆ, ಖಾಸಗಿತನ, ಡೆಲಿವರಿ, ರಿಫಂಡ್ ಪುಟಗಳು, ನಿಜವಾದ ವಿಳಾಸ, ಫೋನು ಹಾಕಿ. "ಶೀಘ್ರದಲ್ಲೇ ಬರಲಿದೆ" ಅಂತ ಖಾಲಿ ಪುಟ ಇದ್ದರೆ ತೆಗೆಯಿರಿ. ನಿಮ್ಮದು ತಿನ್ನುವ ಮಾಲು, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಂಬರೂ ಕಾಣಲಿ.

ರಿಫಂಡ್ ಪುಟವನ್ನು ಬೇರೆ ಸೈಟಿನಿಂದ ನಕಲು ಹೊಡೆಯಬೇಡಿ. ನಾನು ಹೊಡೆದಿದ್ದೆ. "ಅಳತೆ ಸರಿಯಾಗದಿದ್ದರೆ 15 ದಿನದಲ್ಲಿ ವಾಪಸ್ ಮಾಡಬಹುದು" ಅಂತ ಅದರಲ್ಲಿತ್ತು. ಒಬ್ಬರು ಕಾದಂಬರಿಯನ್ನು ಪೂರ್ತಿ ಓದಿ, 14ನೇ ದಿನ "ಅಳತೆ ಸರಿಯಿಲ್ಲ" ಅಂತ ವಾಪಸ್ ಕಳಿಸಿದರು. ಹಣ ಕೊಟ್ಟೆ, ಏನು ಮಾಡ್ತೀರಿ.

ಇನ್ನೊಂದು: ದಿನಕ್ಕೆ ಹತ್ತೇ ಆರ್ಡರ್ ಇರುವ ತಿಂಗಳಲ್ಲಿ ಸೈಟಿಗೆ ಜೋಡಿಸುವ ತಲೆನೋವೂ ಬೇಡ. ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಆರ್ಡರಿಗೊಂದು ಪೇಮೆಂಟ್ ಲಿಂಕ್ ಮಾಡಿ ವಾಟ್ಸಾಪಿಗೆ ಕಳಿಸಿ. ಕಟ್ಟಿದವರ ಲಿಂಕ್ "ಪೇಯ್ಡ್" ಅಂತ ತಿರುಗುತ್ತದೆ. ಇಬ್ಬರು ಮಂಜುನಾಥರಿಗೆ ಎರಡು ಲಿಂಕು. ನಾನು ಎರಡು ವರ್ಷ ಹೀಗೇ ನಡೆಸಿದೆ.

ಮಿಡಿಮನೆ:
ಬಾಟಲಿ ಒಡೆದು ಎಣ್ಣೆ ಸೋರಿದರೆ? ತಿಂಗಳಿಗೆ ಒಂದಾದರೂ ಆಗುತ್ತದೆ. ಅದಕ್ಕೆ ಏನಂತ ಬರೆಯಲಿ?

ಹಳೇಪುಸ್ತಕ_ಮೈಸೂರು:
ನೀವು ಈಗ ಏನು ಮಾಡ್ತೀರೋ ಅದನ್ನೇ ಬರೆಯಿರಿ. ಡಬ್ಬ ಬಿಚ್ಚುವಾಗಿನ ವಿಡಿಯೋ ಎರಡು ದಿನದಲ್ಲಿ ಕಳಿಸಿದರೆ ಹೊಸ ಬಾಟಲಿ ಅಥವಾ ಹಣ ವಾಪಸ್, ರುಚಿ ಹಿಡಿಸಲಿಲ್ಲ ಅಂದರೆ ಇಲ್ಲ. ಹೀಗೆ ನಾಲ್ಕು ಸಾಲು ಸಾಕು. ನಾಳೆ ಯಾರಾದರೂ ಹಣ ವಾಪಸ್ ಕೊಡಿಸಿ ಅಂತ ಕಾರ್ಡ್ ಕಂಪನಿಗೆ ದೂರು (ಚಾರ್ಜ್‌ಬ್ಯಾಕ್) ಹಾಕಿದರೆ ನೀವು ತೋರಿಸುವ ದಾಖಲೆಯಲ್ಲಿ ಅದೂ ಒಂದು.

ಕೋಡುಕೂಲಿ:
ತಮ್ಮನಿಗೆ ನಾಲ್ಕು ಮಾತು, ಅಕ್ಕ ನೀವು ಇದನ್ನು ಹಾಗೇ ಫಾರ್ವರ್ಡ್ ಮಾಡಿ.

ಪೈಸೆ. ಕೆಲವು ಗೇಟ್‌ವೇಗಳಿಗೆ ಮೊತ್ತವನ್ನು ಪೈಸೆಯಲ್ಲಿ ಕಳಿಸಬೇಕು, ₹620ಕ್ಕೆ 62000. ಕೆಲವಕ್ಕೆ ರೂಪಾಯಿಯಲ್ಲಿ. ಸಿದ್ಧ ಪ್ಲಗಿನ್ ಇದ್ದರೆ ಅದೇ ನೋಡಿಕೊಳ್ಳುತ್ತದೆ. ಸ್ವಂತ ಕೋಡ್ ಬರೆದರೆ ಹುಷಾರು. ನನ್ನ ಮೊದಲ ಕೆಲಸ ಒಂದು ಕಾಫಿಪುಡಿ ಅಂಗಡಿಯದು. ನಾನು 450 ಅಂತ ಕಳಿಸಿದ್ದೆ. ಶನಿವಾರ ಸಂಜೆ ಲೈವ್ ಮಾಡಿ ಸಿನಿಮಾಗೆ ಹೋದೆ. ಭಾನುವಾರ ಬೆಳಿಗ್ಗೆ ಮಾಲೀಕರ ಫೋನ್: "ಏನಪ್ಪಾ, ಒಂದೇ ರಾತ್ರಿಗೆ ಅರವತ್ತು ಆರ್ಡರ್!" ಖುಷಿ ಅವರ ದನಿಯಲ್ಲೇ ಗೊತ್ತಾಗ್ತಿತ್ತು. ಅರವತ್ತೂ ನಾಲ್ಕೂವರೆ ರೂಪಾಯಿಯವು.

ಎರಡನೇದು ವೆಬ್‌ಹುಕ್. ಗಿರಾಕಿ ಫೋನ್‌ಪೇಗೋ ಗೂಗಲ್ ಪೇಗೋ ಹೋಗಿ ಪಿನ್ ಒತ್ತುತ್ತಾನೆ. ದುಡ್ಡು ಹೋಯಿತು. ಅವನು ವಾಪಸ್ ಬ್ರೌಸರಿಗೆ ಬರೋದೇ ಇಲ್ಲ, ಬಂದರೂ ಹಳೇ ಫೋನು ಆ ಪುಟವನ್ನು ಮುಚ್ಚಿಬಿಟ್ಟಿರುತ್ತದೆ. "ಧನ್ಯವಾದ" ಪುಟ ತೆರೆದಾಗ ಮಾತ್ರ ಆರ್ಡರ್ ಪಕ್ಕಾ ಮಾಡುವಂತೆ ಬರೆದಿದ್ದರೆ, ದುಡ್ಡು ಬಂದಿರುತ್ತೆ, ಆರ್ಡರ್ ಮಾತ್ರ "ಬಾಕಿ" ಅಂತ ಕೂತಿರುತ್ತೆ. ವೆಬ್‌ಹುಕ್ ಅಂದರೆ ಗೇಟ್‌ವೇಯ ಸರ್ವರ್ ನಿಮ್ಮ ಸೈಟಿನ ಸರ್ವರ್‌ಗೆ ನೇರವಾಗಿ "ಈ ಆರ್ಡರಿನ ದುಡ್ಡು ಬಂತು" ಅಂತ ಹೇಳೋದು, ಗಿರಾಕಿಯ ಫೋನು ನಡುವೆ ಬರಲ್ಲ. ಆ ಸಂದೇಶದ ಜೊತೆ ಒಂದು ಸಹಿ ಬರುತ್ತೆ, ಅದನ್ನು ಸರ್ವರ್‌ನಲ್ಲಿ ತಾಳೆ ನೋಡಲೇಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ಹಾಗೆ ಹೇಳಬಹುದು, ನಕಲಿ ಸ್ಕ್ರೀನ್‌ಶಾಟೇ ಇನ್ನೊಂದು ವೇಷದಲ್ಲಿ ಬಂದಂತೆ.

ಇನ್ನೆರಡು ಬೇಗ ಹೇಳ್ತೀನಿ. ಗೇಟ್‌ವೇ ಕೊಡುವ ರಹಸ್ಯ ಕೀಯನ್ನು (ಪಾಸ್‌ವರ್ಡ್ ಇದ್ದ ಹಾಗೆ) ವಾಟ್ಸಾಪಲ್ಲಿ ಕಳಿಸಬೇಡಿ, ಪುಟದ ಜಾವಾಸ್ಕ್ರಿಪ್ಟ್‌ನಲ್ಲಿ ಇಡಬೇಡಿ. ಕಾರ್ಡ್ ನಂಬರನ್ನು ನಿಮ್ಮ ಸೈಟಿನಲ್ಲಿ ಉಳಿಸಿಕೊಳ್ಳುವ ಯೋಚನೆಯೂ ಬೇಡ, 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಅದನ್ನು ಇಟ್ಟುಕೊಳ್ಳುವಂತಿಲ್ಲ.

ಮಿಡಿಮನೆ:
ನಮ್ಮಲ್ಲಿ ಮಳೆಗಾಲದಲ್ಲಿ ಮೂರು ದಿನ ಕರೆಂಟು ಬರಲ್ಲ. ಟವರೂ ಮಲಗುತ್ತದೆ. ಆಗ ಈ ವೆಬ್‌ಹುಕ್ಕು?

ಕೋಡುಕೂಲಿ:
ನಿಮ್ಮ ಸೈಟು ನಿಮ್ಮ ಮನೆಯಲ್ಲಿಲ್ಲ ಅಕ್ಕ, ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲಿದೆ. ನಿಮ್ಮಲ್ಲಿ ಕತ್ತಲಿದ್ದರೂ ಆರ್ಡರ್, ದುಡ್ಡು ಎರಡೂ ಜೊತೆಯಾಗೇ ದಾಖಲಾಗಿರುತ್ತವೆ. ಕರೆಂಟ್ ಬಂದ ಮೇಲೆ ನೋಡಿಕೊಳ್ಳಿ.

ಸನ್ನಿವೇಲ್_ಸೊಸೆ:
ನಡುವೆ ಬಾಯಿ ಹಾಕ್ತೀನಿ, ಉಪ್ಪಿನಕಾಯಿ ಅಂದ ಮೇಲೆ ಸುಮ್ಮನಿರೋಕಾಗಲ್ಲ. ನಾವು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿಗೆ ಕಳಿಸಿ ಅಂತಿಲ್ಲ. ಮೈಸೂರಿನ ಅಮ್ಮನ ಮನೆಗೆ ಕಳಿಸಿದರೆ ಡಿಸೆಂಬರಲ್ಲಿ ನಾನೇ ತಂದ್ಕೋತೀನಿ. ಆದರೆ ದುಡ್ಡು ಕಟ್ಟೋದೇ ಕಷ್ಟ. ಸುಮಾರು ಕನ್ನಡದ ಸಣ್ಣ ಸೈಟುಗಳು ನನ್ನ ಇಲ್ಲಿನ ಕಾರ್ಡ್ ತಗೊಳ್ಳಲ್ಲ, ಕೊನೆಗೆ ತಮ್ಮನಿಗೆ ಫೋನ್ ಮಾಡಿ ಕಟ್ಟಿಸ್ತೀನಿ.

ಕೋಡುಕೂಲಿ:
ವಿದೇಶಿ ಕಾರ್ಡನ್ನು ಗೇಟ್‌ವೇಯಲ್ಲಿ ಬೇರೆಯಾಗಿ ಕೇಳಿ ಆನ್ ಮಾಡಿಸಬೇಕು, ಶುಲ್ಕವೂ ಹೆಚ್ಚು, 3% ಆಸುಪಾಸು. ಹೊರದೇಶದ ಕಾರ್ಡುಗಳಿಗೆ ಎಷ್ಟೋ ಸಲ ಒಟಿಪಿ ಬರಲ್ಲ, ಕದ್ದ ಕಾರ್ಡಿನ ಭಯ ಜಾಸ್ತಿ. ಶುರುವಿನಲ್ಲೇ ಬೇಡ. ನಿಮಗೆ ಇಲ್ಲಿನ ಬ್ಯಾಂಕಿನಲ್ಲಿ ಅನಿವಾಸಿ ಭಾರತೀಯರ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇದೆಯಾ? 2023ರಿಂದ ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿ ಹತ್ತು ದೇಶಗಳ ಮೊಬೈಲ್ ನಂಬರಿಗೇ ಯುಪಿಐ ಜೋಡಿಸಲು ಅವಕಾಶ ಕೊಟ್ಟಿದ್ದಾರೆ. ನಿಮ್ಮ ಬ್ಯಾಂಕು ಕೊಡುತ್ತಾ ವಿಚಾರಿಸಿ.

ಸನ್ನಿವೇಲ್_ಸೊಸೆ:
ಅಯ್ಯೋ, ನನ್ನ ಎನ್‌ಆರ್‌ಇ ಖಾತೆ ಹತ್ತು ವರ್ಷದಿಂದ ಸುಮ್ಮನೆ ಬಿದ್ದಿದೆ! ಇವತ್ತೇ ನೋಡ್ತೀನಿ.

ಟೋಪತೆನಿ:
ಒಂದು ಬಿಟ್ಟಿದ್ದೆ ಅಕ್ಕಾರ. ಕೆಲವೊಮ್ಮೆ ಗಿರಾಕಿ ಖಾತೆದಿಂದ ರೊಕ್ಕ ಹೋಗಿರತದ, ನಿಮಗ ಬಂದಿರಂಗಿಲ್ಲ. ಆಗ ಗಿರಾಕಿ ನಿಮ್ಮನ್ನ ಬೈತಾನ. ಐದು ದಿನದಾಗ ತಾನs ವಾಪಸ್ ಆಗಬೇಕು, ಆಗಲಿಲ್ಲಂದ್ರ ದಿನಕ್ಕ ₹100 ಪರಿಹಾರ ಅಂತ ರಿಸರ್ವ್ ಬ್ಯಾಂಕಿಂದು 2019ರ ನಿಯಮ ಐತಿ. ಅಂವಗ ಅದನ್ನ ಹೇಳ್ರಿ, ಆ ಪೇಮೆಂಟಿನ ಗುರುತಿಂದು ಹನ್ನೆರಡು ಅಂಕಿ ಯುಟಿಆರ್ ನಂಬರ್ ಇಸ್ಕೊಳ್ರಿ. ನಿಮ್ಮ ಕಿಸೇದಿಂದ ಕೊಡಾಕ ಹೋಗಬ್ಯಾಡ್ರಿ. ನಾ ಮೊದಲ ಒಬ್ಬರಿಗೆ ಕೊಟ್ಟೆ, ಅವರಿಗೆ ಬ್ಯಾಂಕಿಂದೂ ಬಂತು, ನಾ ಕೊಟ್ಟದ್ದೂ ಅವರ ಕಡೇನ ಉಳೀತು.

ಮಿಡಿಮನೆ:
ಐದು ವಾರ ಆಯಿತು, ಬರೆಯುತ್ತೇನೆ ಅಂದುಕೊಂಡೇ ಉಳಿದಿತ್ತು.

ಕರೆಂಟ್ ಖಾತೆ ಆಯಿತು. ಜಿಎಸ್‌ಟಿ ನಂಬರ್ ಬಂತು, ಲೆಕ್ಕಿಗ ಸರ್ ಹೇಳಿದ ಮೊದಲನೇ ದಾರಿಯೇ. ಗೇಟ್‌ವೇಯವರು ಒಂದು ಸಲ ವಾಪಸ್ ಕಳಿಸಿದರು. ಸೈಟಿನಲ್ಲಿ ವಿಳಾಸ "ಅಂಚೆ ಕಚೇರಿ ಪಕ್ಕದ ದಾರಿ" ಅಂತ ಇತ್ತು, ನಮ್ಮೂರಲ್ಲಿ ಅದು ಸಾಕು, ಅವರಿಗೆ ಸಾಲಲಿಲ್ಲ. ಎರಡನೇ ಸಲ ಆಯಿತು. ತಮ್ಮ ಸಿದ್ಧ ಪ್ಲಗಿನ್ನೇ ಹಾಕಿದ. ಲೈವ್ ಆದ ದಿನ ಭಾವನ ಫೋನಿನಿಂದ ಒಂದು ರೂಪಾಯಿಯ ಸುಳ್ಳು ಸಾಮಾನು ಇಟ್ಟು ಕೊಂಡು ನೋಡಿದೆವು. ಪಿನ್ ಒತ್ತಿದ ಕೂಡಲೇ ಬ್ರೌಸರ್ ಮುಚ್ಚಲು ಹೇಳಿದೆ. ಆರ್ಡರ್ "ಪ್ರೊಸೆಸಿಂಗ್" ಅಂತ ತಿರುಗಿತು. ಕೋಡುಕೂಲಿಯವರೇ, ಹುಕ್ಕು ಕೆಲಸ ಮಾಡುತ್ತಿದೆ.

ದಿನದ ದುಡ್ಡೆಲ್ಲ ಸೇರಿ ಒಂದೇ ಮೊತ್ತವಾಗಿ ಮರುದಿನವೋ ಅದರ ಮರುದಿನವೋ ಬರುತ್ತದೆ. ಭಾನುವಾರದ್ದು ಕಾಯಬೇಕು. ಮೊದಲ ವಾರ ಕೈ ಖಾಲಿ ಅನಿಸಿತು, ಬಾಟಲಿಯವನಿಗೆ ಎರಡು ದಿನ ತಡವಾಗಿ ಕೊಟ್ಟೆ. ಈಗ ರೂಢಿಯಾಯಿತು. ಹಳೇ ಗಿರಾಕಿಗಳಲ್ಲಿ ಕೆಲವು ಅಜ್ಜಿಯರು ಸೈಟಿಗೆ ಬರಲ್ಲ. ಫೋನ್ ಮಾಡಿ "ಮಗಾ, ಎರಡು ಕೇಜಿ ಕಳಿಸು" ಅನ್ನುತ್ತಾರೆ. ಅವರ ಮೊಮ್ಮಕ್ಕಳಿಗೆ ಪೇಮೆಂಟ್ ಲಿಂಕ್ ಕಳಿಸುತ್ತೇನೆ. ಕ್ಯೂಆರ್ ಫೋಟೋ ಸೈಟಿನಿಂದ ತೆಗೆದಾಯಿತು. ರಾತ್ರಿ ಒಂಬತ್ತೂವರೆಗೆ ಮಲಗುತ್ತಿದ್ದೇನೆ.

ಸನ್ನಿವೇಲ್_ಸೊಸೆ:
ಅಭಿನಂದನೆ! ನನ್ನ ಯುಪಿಐ ಕೂಡ ಆಯ್ತು. ಈಗಷ್ಟೇ ನಿಮ್ಮ ಸೈಟಲ್ಲಿ ಜೀರಿಗೆ ಮಿಡಿ ಎರಡು ಬಾಟಲಿಗೆ ದುಡ್ಡು ಕಟ್ಟಿದೆ, ಮೈಸೂರು ವಿಳಾಸಕ್ಕೆ.

ಮಿಡಿಮನೆ:
ಜೀರಿಗೆ ಮಿಡಿ ಹೋದ ವಾರವೇ ಖಾಲಿ! ಸೈಟಲ್ಲಿ ಇನ್ನೂ ಇದೆ ಅಂತ ತೋರಿಸುತ್ತಿದೆಯಾ? ತಮ್ಮಾ, ಸ್ಟಾಕ್ ಸೊನ್ನೆ ಮಾಡು ಅಂತ ಎಷ್ಟು ಸಲ ಹೇಳಿದ್ದೆ. ಅಕ್ಕ, ಪೂರ್ತಿ ಹಣ ರಿಫಂಡ್ ಮಾಡುತ್ತೇನೆ.

ಲೆಕ್ಕಿಗ_ಹುಬ್ಬಳ್ಳಿ:
ರಿಫಂಡ್ ಮಾಡಿದರೂ ಗೇಟ್‌ವೇ ಹಿಡಿದ ಶುಲ್ಕ ಸಾಮಾನ್ಯವಾಗಿ ವಾಪಸ್ ಬರಲ್ಲ, ಅದನ್ನೂ ಖರ್ಚಿಗೆ ಬರ್ಕೊಳ್ಳಿ.

ಸನ್ನಿವೇಲ್_ಸೊಸೆ:
ರಿಫಂಡ್ ಬೇಡ ಮಾರಾಯ್ತಿ. ಸಾದಾ ಅಪ್ಪೆಮಿಡಿ ಇದ್ದರೆ ಅದನ್ನೇ ಕಳಿಸು. ಖಾರದ್ದು.